ಹನುಮಕ್ಕ ಬರೆದುಕೊಂಡ ಎಪ್ಪತ್ತನಾಲ್ಕು ಪುಟ

ಆಸ್ಪತ್ರೆಯ ದಾಖಲೆ ಕೊಠಡಿಗೆ ಕೆಲಸಕ್ಕೆ ಸೇರಿದ ಹೊಸಬರು ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅವರು ಈ ಕೆಲಸಕ್ಕೆಂದೇ ಓದಿ ಸರ್ಟಿಫಿಕೇಟು ಪಡೆದವರು. ನಾನು ಸೇರುವಾಗ ಅಂಥದೊಂದು ಓದು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಗಡಿಯಾಚೆ ಆಂಧ್ರದ ಹಿಂದೂಪುರದ ಟ್ರಸ್ಟ್ ಆಸ್ಪತ್ರೆಯವರು ನನ್ನನ್ನು ತೆಗೆದುಕೊಂಡದ್ದು ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ. ಸೋಮಂದೇಪಲ್ಲಿಯಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬರುತ್ತಿದ್ದೆ. ಬಡ್ತಿ ಯಾವಾಗ ಬಂತು, ಸಂಬಳ ಎಷ್ಟು ಏರಿತು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದರಿಂದ ಹೊಸಬರಿಗೆ ಏನೂ ಪ್ರಯೋಜನವಿಲ್ಲ.

ಕೇಸ್‌ಶೀಟು ಎಂದರೆ ರೋಗಿ ಮಲಗಿದ್ದಷ್ಟು ದಿನದ ಪೂರ್ತಿ ಕಥೆ. ಡಾಕ್ಟರು ಕಂಡದ್ದು, ನರ್ಸು ಕಂಡದ್ದು, ಜ್ವರ ಏರಿ ಇಳಿದ ಗೆರೆ, ಕೊಟ್ಟ ಮದ್ದು, ಕೊಟ್ಟ ಹೊತ್ತು, ಕೊಟ್ಟವರ ಸಹಿ ಎಲ್ಲವೂ ಅದರಲ್ಲಿರುತ್ತದೆ. ರೋಗಿ ಮನೆಗೆ ಹೋದ ಮೇಲೆ ಅದು ನಮ್ಮ ಕೊಠಡಿಗೆ ಬರುತ್ತಿತ್ತು. ಹಾಳೆಗಳನ್ನು ಕ್ರಮವಾಗಿ ಜೋಡಿಸಿ, ಪುಟಸಂಖ್ಯೆ ಹಾಕಿ, ದಾರ ಕಟ್ಟಿ, ನಂಬರಿನ ಪ್ರಕಾರ ಇಡುವುದು ನನ್ನ ಕೆಲಸ. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಒಂದು ಮಾತು ಹೇಳಿದ್ದರು: ಓದಬೇಡ, ಜೋಡಿಸು. ಓದುತ್ತ ಕೂತರೆ ಕೆಲಸ ಸಾಗದು, ಬೇರೆಯವರ ಕಾಯಿಲೆ ತಿಳಿದುಕೊಂಡು ನಿನಗೇನಾಗಬೇಕು ಎಂಬುದು ಅದರ ಅರ್ಥ. ಹದಿನೈದು ವರ್ಷ ನಾನು ಆ ಮಾತನ್ನು ಪಾಲಿಸಿದೆ. ಅದರಲ್ಲಿ ಒಳ್ಳೆಯದೂ ಇತ್ತು. ಕೆಟ್ಟದ್ದು ಏನಿತ್ತು ಎಂಬುದು ಮುಂದೆ ತಿಳಿಯುತ್ತದೆ.

ಆ ಕಾಲದಲ್ಲಿ ರೋಗಿಗೆ ಕೇಸ್‌ಶೀಟಿನ ನಕಲು ಕೊಡುವ ಪದ್ಧತಿಯೇ ಇರಲಿಲ್ಲ. ಅರ್ಧ ಹಾಳೆಯ ಡಿಸ್ಚಾರ್ಜ್ ಚೀಟಿ ಕೈಗಿಟ್ಟರೆ ಮುಗಿಯಿತು. ಯಾರಾದರೂ ಕಿಟಕಿಗೆ ಬಂದು ಕೇಳಿದರೆ, ಅದು ಆಸ್ಪತ್ರೆಯ ಸ್ವತ್ತು ಎಂದು ಕಳಿಸಿಬಿಡುತ್ತಿದ್ದೆ. ಹಾಗೆ ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಬೀರುವಿನ ಬೀಗದ ಕೈ ಸೊಂಟದಲ್ಲಿದ್ದರೆ ಸಣ್ಣ ಮನುಷ್ಯನಿಗೂ ದೊಡ್ಡ ದನಿ ಬರುತ್ತದೆ.

ಎರಡು ಸಾವಿರದ ಇಸವಿ ದಾಟಿ ಎರಡು ವರ್ಷಕ್ಕೆ ವೈದ್ಯರಿಗೆ ಹೊಸ ನಿಯಮ ಬಂತು. ರೋಗಿಯೋ ಅವರ ಕಡೆಯವರೋ ಕೇಳಿದರೆ ಎಪ್ಪತ್ತೆರಡು ಗಂಟೆಯೊಳಗೆ ದಾಖಲೆ ಕೊಡಬೇಕು, ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಜೋಪಾನ ಮಾಡಬೇಕು. ಆಗ ನಮ್ಮ ಸೂಪರಿಂಟೆಂಡೆಂಟ್ ಆಗಿದ್ದವರು ಡಾಕ್ಟರ್ ವಸುಂಧರ. ಅನಂತಪುರದ ಕಡೆಯವರು, ಮನೆಮಾತು ತೆಲುಗು. ಕನ್ನಡವನ್ನು ರೋಗಿಗಳಿಂದಲೇ ಕಲಿತಿದ್ದರು. ಅವರು ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು ನಿಯಮವನ್ನು ಎರಡು ಸಲ ಓದಿದರು. ಕೊಡಬೇಕು ಎಂದಿತ್ತು. ಎಷ್ಟು ಹಣ ತೆಗೆದುಕೊಂಡು ಕೊಡಬೇಕು ಎಂಬುದರ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಆ ಖಾಲಿ ಜಾಗವನ್ನು ತುಂಬಿದವರು ನಮ್ಮ ಮ್ಯಾನೇಜರ್ ಶೇಷಗಿರಿ. ಪುಟಕ್ಕೆ ಹತ್ತು ರೂಪಾಯಿ, ಹುಡುಕಿಕೊಡುವುದಕ್ಕೆ ನೂರು, ಸಹಿ ಮತ್ತು ಸೀಲಿಗೆ ಐವತ್ತು ಎಂದರು. ಬಜಾರಿನಲ್ಲಿ ಜೆರಾಕ್ಸು ಒಂದು ರೂಪಾಯಿಗೆ ಸಿಗುತ್ತಿತ್ತು. ಶೇಷಗಿರಿ ಕೆಟ್ಟವರಲ್ಲ, ಹೆದರಿದವರು. ಕಾಗದ ಸಿಕ್ಕವರೆಲ್ಲ ಗ್ರಾಹಕರ ಕೋರ್ಟಿಗೆ ಹೋಗುತ್ತಾರೆ, ಬೇಲಿ ಸ್ವಲ್ಪ ಎತ್ತರ ಇರಲಿ ಎಂಬುದು ಅವರ ವಾದ. ಡಾಕ್ಟರ್ ವಸುಂಧರ ಒಂದು ದಿನ ಯೋಚನೆ ಮಾಡಿ ಸಹಿ ಹಾಕಿದರು. ನಾನು ಅವರನ್ನು ಹೊಗಳುವುದಕ್ಕೇ ಇದನ್ನು ಬರೆಯುತ್ತಿದ್ದೇನಾದರೂ ಆ ಸಹಿಯನ್ನು ಮುಚ್ಚಿಡಲಾರೆ. ದರದ ಬೋರ್ಡನ್ನು ತೆಲುಗಿನಲ್ಲಿ, ದುಂಡು ಅಕ್ಷರದಲ್ಲಿ ಬರೆದವನು ನಾನೇ. ನೀಲಿ ಬಣ್ಣದಲ್ಲಿ ಬರೆದು, ಸುತ್ತ ಬಿಳಿ ಅಂಚು ಹಾಕಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ ಸಂತೋಷಪಟ್ಟಿದ್ದೆ. ಆ ಬೋರ್ಡು ಓದಿ ಮಾತಾಡದೆ ವಾಪಸು ಹೋದವರ ಲೆಕ್ಕವನ್ನು ನಾನು ಇಡಲಿಲ್ಲ.

ನಕಲು ಕೊಡಲು ಶುರುವಾದ ಮೇಲೆ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಚಿಲಮತ್ತೂರಿನಿಂದ ಗಂಗಮ್ಮ ಎಂಬಾಕೆ ಬಂದಿದ್ದರು. ಹೆದ್ದಾರಿಯ ಪಕ್ಕ ಟೀ ಅಂಗಡಿ ಇಟ್ಟಿದ್ದವರು. ಸಕ್ಕರೆ ಕಾಯಿಲೆ ತೋರಿಸಲು ಬೆಂಗಳೂರಿಗೆ ಹೋಗಬೇಕಾಗಿತ್ತು. ಅವರು ಕೇಳಿದಷ್ಟೂ ಹಣ ಕಟ್ಟಿದರು. ನಾನು ಅದೇ ಊರಿನ ಇನ್ನೊಬ್ಬ ಗಂಗಮ್ಮನ ಫೈಲು ತೆಗೆದು ನಕಲು ಮಾಡಿಸಿ ಕೊಟ್ಟುಬಿಟ್ಟೆ. ಆ ಇನ್ನೊಬ್ಬರಿಗೆ ಪಿತ್ತಕೋಶದ ಆಪರೇಷನ್ ಆಗಿತ್ತು. ಬೆಂಗಳೂರಿನ ಡಾಕ್ಟರು ಈಕೆಯ ಹೊಟ್ಟೆಯ ಮೇಲೆ ಹೊಲಿಗೆಯ ಗುರುತು ಹುಡುಕಿ, ಸಿಗದೆ, ಒಮ್ಮೆ ಕಾಗದವನ್ನೂ ಒಮ್ಮೆ ಮುಖವನ್ನೂ ನೋಡಿದರಂತೆ.

ಸುದ್ದಿ ತಿಳಿದ ಡಾಕ್ಟರ್ ವಸುಂಧರ ನನ್ನನ್ನು ಬೈಯಲಿಲ್ಲ. ಸರಿಯಾದ ನಕಲು, ಕಟ್ಟಿದ್ದ ಹಣ, ಬೆಂಗಳೂರಿಗೆ ಹೋಗಿಬಂದ ಬಸ್ ಚಾರ್ಜು ಮೂರನ್ನೂ ಒಂದು ಕವರಿಗೆ ಹಾಕಿ, ಅಂಚೆಯಲ್ಲಿ ಬೇಡ, ನೀವೇ ಹೋಗಿ ಕೊಟ್ಟು ಕ್ಷಮೆ ಕೇಳಿ ಬನ್ನಿ ಎಂದರು. ಚಿಲಮತ್ತೂರಿನ ಆ ಟೀ ಅಂಗಡಿಯ ಬೆಂಚಿನ ಮೇಲೆ ಲಾರಿ ಡ್ರೈವರುಗಳ ನಡುವೆ ಕೂತು ನಾನು ತಪ್ಪೊಪ್ಪಿಕೊಂಡೆ. ಗಂಗಮ್ಮ ಕವರು ತೆಗೆದುಕೊಂಡು ನನಗೊಂದು ಟೀ ಕೊಟ್ಟು ಕೇಳಿದರು:

"ನಂದು ಬಿಡಪ್ಪ, ಸರಿಹೋಯ್ತು. ಆ ಇನ್ನೊಬ್ಳು ಗಂಗಮ್ಮನ ಹೊಟ್ಟೆ ವಿಷ್ಯ ಎಲ್ಲಾ ನಾನು ತಿಳ್ಕಂಬುಟ್ನಲ್ಲ, ಆಯಮ್ಮಂಗೆ ಹೇಳಿದ್ರಾ?"

ನನಗಾಗಲಿ ನಮ್ಮ ಆಸ್ಪತ್ರೆಯಲ್ಲಿ ಬೇರೆ ಯಾರಿಗಾಗಲಿ ಅದು ಹೊಳೆದಿರಲಿಲ್ಲ. ಟೀ ಮುಗಿಸಿ ಮನೆ ವಿಚಾರಿಸಿಕೊಂಡು ಹೋಗಿ ಎರಡನೆಯ ಗಂಗಮ್ಮನಿಗೂ ಕೈ ಮುಗಿದು ಹೇಳಿಬಂದೆ. ಅವರು ಮೂರು ತಿಂಗಳು ನಮ್ಮ ಆಸ್ಪತ್ರೆಯ ಹೆಸರೆತ್ತಿದರೆ ಬೈಯುತ್ತಿದ್ದರೆಂದು ಆಮೇಲೆ ಕೇಳಿದೆ. ಬೈದದ್ದು ಸರಿಯಾಗಿಯೇ ಇತ್ತು. ಅಂದಿನಿಂದ ನಂಬರು, ಊರು, ಗಂಡ ಅಥವಾ ತಂದೆಯ ಹೆಸರು ಮೂರೂ ತಾಳೆಯಾಗದೆ ಒಂದು ಹಾಳೆಯನ್ನೂ ನಾನು ಕಿಟಕಿಯಿಂದ ಆಚೆ ಕೊಟ್ಟಿಲ್ಲ.

ಇದಾದ ಸುಮಾರು ಒಂದು ವರ್ಷಕ್ಕೆ ಟ್ರಸ್ಟಿನವರು ಕಲ್ಯಾಣದುರ್ಗದಲ್ಲಿ ಇಪ್ಪತ್ತು ಹಾಸಿಗೆಯ ಶಾಖೆ ತೆರೆದರು. ದಾಖಲೆ ಕೊಠಡಿ ಶುರುಮಾಡಲು ನನ್ನನ್ನು ಅಲ್ಲಿಗೆ ಕಳಿಸಿದರು. ಹಿಂದೆ ಕಡಲೆಕಾಯಿ ಮೂಟೆ ಇಡುತ್ತಿದ್ದ ಗೋಡೌನಿನ ಒಂದು ಮೂಲೆಯೇ ನನ್ನ ಕೊಠಡಿ. ಎಷ್ಟು ಗುಡಿಸಿದರೂ ಫೈಲುಗಳ ಮೇಲೆ ಸಿಪ್ಪೆಯ ಕೆಂಪು ಧೂಳು ಕೂರುತ್ತಿತ್ತು. ಅಲ್ಲಿಗೂ ಅದೇ ದರದ ಬೋರ್ಡನ್ನು ಅದೇ ನೀಲಿ ಬಣ್ಣದಲ್ಲಿ ಬರೆದು ತೂಗುಹಾಕಿದೆ. ಡಾಕ್ಟರ್ ವಸುಂಧರ ಪ್ರತಿ ಗುರುವಾರ ಹಿಂದೂಪುರದಿಂದ ಬಂದು ಹೋಗುತ್ತಿದ್ದರು. ಒಮ್ಮೊಮ್ಮೆ ಶೇಷಗಿರಿಯೂ ಜೊತೆಗೆ ಬರುತ್ತಿದ್ದರು.

ಒಂದು ಸೋಮವಾರ ಮಧ್ಯಾಹ್ನ ಹನುಮಕ್ಕ ಕಿಟಕಿಗೆ ಬಂದಳು. ಮೂವತ್ತೈದರ ಒಳಗಿನ ವಯಸ್ಸು. ಹತ್ತು ಹನ್ನೆರಡು ಮೈಲಿ ದೂರದ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುವ ಕೆಲಸ ಅವಳದು. ಅಡುಗೆ ಮುಗಿಸಿ ಜೀಪು ಹತ್ತಿ ಬಂದಿದ್ದಳು. ಅವಳ ಮಗಳು ಪದ್ಮ, ಹದಿನಾಲ್ಕು ವರ್ಷದವಳು, ಫಿಟ್ಸ್ ಬಂದು ನಮ್ಮಲ್ಲಿ ಹತ್ತೊಂಬತ್ತು ದಿನ ಮಲಗಿದ್ದಳು. ಫಿಟ್ಸಿಗೆ ಕೊಟ್ಟ ಮದ್ದು ಒಗ್ಗದೆ ಮೈಯೆಲ್ಲ ಕೆಂಪು ಗಂದೆ ಎದ್ದು, ಬಾಯಿ ಹುಣ್ಣಾಗಿ, ಕಡೆಗೆ ವಾಸಿಯಾಗಿ ಮನೆಗೆ ಹೋಗಿದ್ದಳು. ಎರಡು ತಿಂಗಳಿಗೆ ಫಿಟ್ಸ್ ಮತ್ತೆ ಶುರುವಾಗಿತ್ತು, ವಾರಕ್ಕೆ ಎರಡು ಮೂರು ಸಲ. ಬೆಂಗಳೂರಿನ ನರರೋಗ ಡಾಕ್ಟರಿಗೆ ತೋರಿಸಿದರೆ ಅವರು ನಮ್ಮ ಡಿಸ್ಚಾರ್ಜ್ ಚೀಟಿಯನ್ನು ಮೇಲೆ ಕೆಳಗೆ ನೋಡಿದರಂತೆ. ಮದ್ದು ಒಗ್ಗದೆ ಗಂದೆ, ವಾಸಿ ಎಂದಷ್ಟೇ ಅದರಲ್ಲಿತ್ತು. ಯಾವ ಮದ್ದು ಎಂದು ಬರೆದಿರಲಿಲ್ಲ. ಅದನ್ನೋ ಅದರ ಜಾತಿಯದನ್ನೋ ಗೊತ್ತಿಲ್ಲದೆ ಇನ್ನೊಮ್ಮೆ ಕೊಟ್ಟರೆ ಹುಡುಗಿಯ ಜೀವಕ್ಕೇ ಕುತ್ತು, ಪೂರ್ತಿ ಕೇಸ್‌ಶೀಟು ತನ್ನಿ ಎಂದು, ಅಲ್ಲಿಯವರೆಗೆ ಒಂದು ಸಣ್ಣ ಗುಳಿಗೆ ಕೊಟ್ಟು ಕಳಿಸಿದ್ದರು. ಬರುವ ಸೋಮವಾರಕ್ಕೆ ಮತ್ತೆ ಹೋಗಬೇಕಾಗಿತ್ತು.

ನಾನು ಫೈಲು ತೆಗೆದೆ. ಮೂರೂ ತಾಳೆ ನೋಡಿದೆ. ಎಪ್ಪತ್ತನಾಲ್ಕು ಪುಟ. ಬೋರ್ಡಿನ ಪ್ರಕಾರ ಎಂಟುನೂರ ತೊಂಬತ್ತು ರೂಪಾಯಿ ಎಂದೆ. ಅವಳು ತಿಂಗಳಿಡೀ ಒಲೆ ಮುಂದೆ ಕೂತರೂ ಅಷ್ಟು ಬರುತ್ತಿರಲಿಲ್ಲ. ಬೇಕಾದ ಒಂದೆರಡು ಪುಟ ಮಾತ್ರ ಕೊಡಲು ನಿಯಮವಿರಲಿಲ್ಲ, ಕೊಟ್ಟರೆ ಪೂರ್ತಿ ಫೈಲು. ಹಾಳೆ ತಿರುವಿ ಮದ್ದಿನ ಹೆಸರು ನಾನೇ ಓದಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಓದಬೇಡ ಎಂದು ಕಲಿಸಿದ್ದರು, ನಾನು ಓದಲಿಲ್ಲ.

ಹನುಮಕ್ಕ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ಏಳನೆಯ ತರಗತಿಯವರೆಗೆ ತೆಲುಗಿನಲ್ಲಿ ಓದಿದ್ದಳು. ತಿರುಗಿ ಬಂದು ಕೇಳಿದಳು:

"ಕಾಪಿಗೆ ಇಷ್ಟು ಅಂತ ಬರ್ದೀರ. ನೋಡಾಕೆ ಎಷ್ಟು ಅಂತ ಬರ್ದಿಲ್ವಲ್ಲಣ್ಣ."

ನೋಡುವುದಕ್ಕೆ ದರವೇ ಇರಲಿಲ್ಲ. ಯಾರೂ ಹಾಗೆ ಕೇಳಿರಲಿಲ್ಲ. ನೋಡೋದಕ್ಕೆ ದುಡ್ಡಿಲ್ಲಮ್ಮ ಎಂದೆ.

"ಹಂಗಾದ್ರೆ ನೋಡ್ಕಂಡು ಬರ್ಕಂತೀನಿ."

ಅದು ಇಂಗ್ಲಿಷು, ಅದರಲ್ಲೂ ಡಾಕ್ಟರ ಅಕ್ಷರ, ನಮಗೇ ತಿಳಿಯುವುದಿಲ್ಲ ಎಂದು ಹೇಳಿ ನೋಡಿದೆ. ತಿಳಿಯಬೇಕಾದ್ದು ಬೆಂಗಳೂರಿನ ಡಾಕ್ಟರಿಗೆ, ತನಗಲ್ಲ ಎಂದಳು. ಎದುರಿನ ಅಂಗಡಿಯಿಂದ ಒಂದು ನೋಟ್‌ಬುಕ್ಕು, ಎರಡು ಪೆನ್ನು ತಂದಳು. ಕಿಟಕಿಯ ಒಳಗಡೆ, ನನ್ನ ಕಣ್ಣೆದುರಿಗೆ, ಸ್ಟೂಲಿನ ಮೇಲೆ ಫೈಲಿಟ್ಟು ನೆಲದ ಮೇಲೆ ಕೂತು ಬರೆಯತೊಡಗಿದಳು.

ಅವಳು ಬರೆದದ್ದನ್ನು ಬರೆಯುವುದು ಎನ್ನಬೇಕೋ ಬಿಡಿಸುವುದು ಎನ್ನಬೇಕೋ ನನಗೆ ಗೊತ್ತಿಲ್ಲ. ಇಂಗ್ಲಿಷಿನ ಅಕ್ಷರಗಳನ್ನು ಒಂದೊಂದಾಗಿ ಗುರುತಿಸಬಲ್ಲಳು, ಆದರೆ ಪದ ತಿಳಿಯದು. ಅಕ್ಷರವೆಂದೇ ತೋರದ ಗೀಚು ಬಂದಾಗ ಗೀಚನ್ನೇ ಇಳಿಸುತ್ತಿದ್ದಳು. ಬಾಣದ ಗುರುತಿದ್ದರೆ ಬಾಣ. ಹೊಡೆದುಹಾಕಿದ ಪದವಿದ್ದರೆ, ಮೊದಲು ಪದ ಬರೆದು ಆಮೇಲೆ ಅಲ್ಲಿರುವಂತೆಯೇ ಅದರ ಮೇಲೆ ಗೆರೆ. ಕೆಂಪು ಇಂಕಿನಲ್ಲಿ ಬರೆದದ್ದು ಬಂದಾಗ ನನ್ನಿಂದ ಕೆಂಪು ಪೆನ್ನು ಕೇಳಿ ಪಡೆದಳು. ಜ್ವರದ ಗೆರೆಯನ್ನು ಚೌಕಗಳನ್ನು ಎಣಿಸಿ ಎಣಿಸಿ ಎಳೆದಳು. ಒಂದು ಪುಟ ಮುಗಿದ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ತಾಳೆ ನೋಡಿ, ಆಮೇಲೆ ಮುಂದಿನದು. ಐದೂವರೆಗೆ ಕೊನೆಯ ಜೀಪಿಗೆ ಎದ್ದಳು. ನಾಳೆ ಬತ್ತೀನಿ ಕಣಣ್ಣ, ಹಂಗೇ ಎತ್ತಿಟ್ಟಿರಿ ಎಂದು ಹೋದಳು.

ಮಂಗಳವಾರವೂ ಬುಧವಾರವೂ ಎರಡು ಗಂಟೆಗೆ ಬಂದು ಕೂತಳು. ಮನೆಯಲ್ಲಿ ಪದ್ಮನನ್ನು ಅಜ್ಜಿ ನೋಡಿಕೊಳ್ಳುತ್ತಿದ್ದಳು. ಮಂಗಳವಾರ ಬೆಳಿಗ್ಗೆ ಮತ್ತೆ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡಿದ್ದಳಂತೆ. ಅದನ್ನು ಹನುಮಕ್ಕ ತಲೆಯೆತ್ತದೆ ಬರೆಯುತ್ತಲೇ ಹೇಳಿದಳು. ನನಗೆ ತಡೆಯಲಾಗಲಿಲ್ಲ. ಬುಧವಾರ, ಹಣ ನಾನು ಕಟ್ಟುತ್ತೇನೆ, ಜೆರಾಕ್ಸು ತೆಗೆದುಕೊಂಡು ಹೋಗಮ್ಮ ಎಂದೆ. ಅವಳು ಪುಟ ತಿರುವಿ ಲೆಕ್ಕ ನೋಡಿದಳು.

"ಅರ್ಧ ಮುಗ್ದೈತಲ್ಲಣ್ಣ. ಈಗ ದುಡ್ಡು ಕಟ್ಟಿದ್ರೆ ಬರ್ದಿದ್ದೆಲ್ಲಾ ದಂಡ ಆಯ್ತದೆ."

ಅದೇ ದಿನ ಸಂಜೆ, ಎದ್ದು ಹೊರಡುವ ಹೊತ್ತಿನಲ್ಲಿ, ಅವಳು ಒಂದು ಪುಟವನ್ನು ನನ್ನ ಮುಂದೆ ಹಿಡಿದಳು. ಅದು ಮದ್ದಿನ ಚಾರ್ಟು. ಯಾವ ಹೊತ್ತಿಗೆ ಯಾವ ಮದ್ದು ಕೊಟ್ಟರು ಎಂದು ನರ್ಸುಗಳು ಸಹಿ ಹಾಕುವ ಹಾಳೆ. ಹತ್ತನೆಯ ದಿನ ಒಂದು ಪದವನ್ನು ಕೆಂಪು ಇಂಕಿನಲ್ಲಿ ಹೊಡೆದುಹಾಕಿದ್ದಾರೆ. ಎರಡು ದಿನ ಬಿಟ್ಟು ಅದೇ ಪದ ಮತ್ತೆ ಬಂದಿದೆ, ಎದುರಿಗೆ ಸಹಿಯೂ ಇದೆ. ಮಾರನೆಯ ದಿನ ಮತ್ತೆ ಕೆಂಪು ಗೆರೆ. ತಾನು ತಪ್ಪು ಬರೆದುಕೊಂಡೆನೋ ಇಲ್ಲ ಅಲ್ಲೇ ಹಾಗಿದೆಯೋ ಎಂದು ಕೇಳಿದಳು.

ನಾನು ಓದಿದೆ. ಹದಿನೈದು ವರ್ಷದಲ್ಲಿ ಅಷ್ಟು ಗಮನವಿಟ್ಟು ಒಂದು ಹಾಳೆಯನ್ನು ಓದಿದ್ದು ಅದೇ ಮೊದಲು. ಫಿಟ್ಸಿನ ಮದ್ದು ಅದು. ಗಂದೆ ಎದ್ದ ದಿನ ಡಾಕ್ಟರು ನಿಲ್ಲಿಸಿದ್ದರು. ಎರಡು ದಿನದ ಮೇಲೆ ಪಾಳಿ ಬದಲಾದಾಗ ಬಂದ ನರ್ಸು ಹಳೆಯ ಪಟ್ಟಿ ನೋಡಿಕೊಂಡು ಮತ್ತೊಂದು ಸಲ ಕೊಟ್ಟಿದ್ದಳು. ಹುಡುಗಿಯ ಬಾಯಿ ಹುಣ್ಣಾದದ್ದು ಅದಾದ ಮೇಲೆ. ಅಲ್ಲೇ ಹಾಗಿದೆ, ಹಾಗೇ ಬರಿ ಎಂದಷ್ಟೇ ಹೇಳಿದೆ. ನಾಳೆ ಗುರುವಾರ, ಡಾಕ್ಟರು ಬರುತ್ತಾರೆ, ಅವರ ಕಣ್ಣಿಗೆ ಇದು ಬೀಳದಿದ್ದರೆ ಸಾಕು ಎಂದು ನಾನು ಅಂದುಕೊಂಡೆ. ಅವಳಿಗಾಗಿ ಅಲ್ಲ, ಆಸ್ಪತ್ರೆಗಾಗಿ. ಹೊಸಬರು ಇದನ್ನು ಓದಿ ನನ್ನ ಬಗ್ಗೆ ಏನಾದರೂ ತಿಳಿದುಕೊಳ್ಳಲಿ.

ಗುರುವಾರ ಡಾಕ್ಟರ್ ವಸುಂಧರ ಮತ್ತು ಶೇಷಗಿರಿ ಇಬ್ಬರೂ ಬಂದರು. ನೆಲದ ಮೇಲೆ ಕೂತು ಬರೆಯುತ್ತಿದ್ದ ಹೆಂಗಸನ್ನು ನೋಡಿ ಶೇಷಗಿರಿ ಗಾಬರಿಯಾಗಿ, ಇವಳಿಗೆ ಫೈಲು ಕೊಟ್ಟವರು ಯಾರು ಎಂದು ನನ್ನನ್ನು ಕೇಳಿದರು. ನಾನು ಅವಳ ಮಗಳ ಕಾಯಿಲೆ, ಬೋರ್ಡು, ಅವಳು ಕೇಳಿದ ಪ್ರಶ್ನೆ ಎಲ್ಲ ಹೇಳಿದೆ. ಡಾಕ್ಟರು ಬಗ್ಗಿ ನೋಟ್‌ಬುಕ್ಕು ಎತ್ತಿಕೊಂಡರು. ನಿಂತುಕೊಂಡೇ ಐದಾರು ಪುಟ ತಿರುವಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಕೇಸ್‌ಶೀಟನ್ನು ಪಕ್ಕದಲ್ಲಿಟ್ಟು ತಾಳೆ ನೋಡತೊಡಗಿದರು. ನಡುವೆ ಒಮ್ಮೆ ನಕ್ಕರು. ತಮ್ಮ ಸಹಿಯನ್ನೇ ಯಾರೋ ತಮಗಿಂತ ಚೆನ್ನಾಗಿ ಹಾಕಿದ್ದಾರೆ ಎಂದರು. ಹನುಮಕ್ಕ ಎದ್ದು ನಿಂತಿದ್ದವಳು, ನನಗೆ ಕೇಳಿದ್ದ ಪ್ರಶ್ನೆಯನ್ನೇ ಅವರಿಗೂ ಕೇಳಿ ಆ ಪುಟ ತೋರಿಸಿದಳು.

ಡಾಕ್ಟರು ಅದನ್ನು ಮೂಲದ ಹಾಳೆಯ ಜೊತೆ ಇಟ್ಟು ಎರಡು ಸಲ ನೋಡಿದರು. ಶೇಷಗಿರಿ ಹಿಂದಿನಿಂದ ಬಗ್ಗಿ ನೋಡಿ ಅರ್ಥಮಾಡಿಕೊಂಡು, ಮೇಡಂ, ವದ್ದು ಎಂದು ಮೆಲ್ಲಗೆ ತೆಲುಗಿನಲ್ಲಿ ತಡೆದರು. ಬೇಡ ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ತಿಳಿಯುವ ಮಾತೇ. ಡಾಕ್ಟರು ಹನುಮಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಹೇಳಿದರು:

"ನೀವು ಬರೆದಿದ್ದು ಸರಿಯಾಗಿದೆಯಮ್ಮ. ತಪ್ಪು ನಮ್ಮದು. ನಿಲ್ಲಿಸಿದ ಮದ್ದನ್ನ ಇನ್ನೊಂದು ಸಲ ಕೊಟ್ಟಿದ್ದೀವಿ. ಪಾಪಂಗೆ ಬಾಯೆಲ್ಲಾ ಹುಣ್ಣಾಗಿದ್ದು ಅದರಿಂದಲೇ. ಚೀಟಿಯಲ್ಲಿ ಮದ್ದಿನ ಹೆಸರು ಬರೀಬೇಕಿತ್ತು, ಅದನ್ನೂ ಬರೀಲಿಲ್ಲ."

ಹನುಮಕ್ಕ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟಳು. ನಮ್ಮ ಯಾರ ಮುಖವನ್ನೂ ನೋಡದೆ ಹೇಳಿದಳು: "ಆರು ದಿನ ನನ್ ಮಗ್ಳು ನೀರು ಕುಡಿಯಾಕಾಗ್ದೆ ಅತ್ತವ್ಳೆ."

ಮದ್ದು ಕೊಟ್ಟವರ ಸಹಿ ಇದೆ, ಹೆಸರು ಬೇಕಾದರೆ ಹೇಳುತ್ತೇನೆ ಎಂದು ಡಾಕ್ಟರು ಅಂದರು. ಅವಳು ತಲೆ ಆಡಿಸಿದಳು.

"ಬ್ಯಾಡ. ಆಯಮ್ಮ ಕೊಟ್ಟಿದ್ನ ಬರ್ದಾದ್ರೂ ಮಡಗವ್ಳೆ. ಬರೀದೇ ಹೋಗಿದ್ರೆ ನಂಗೆ ಹೆಂಗೆ ಗೊತ್ತಾಯ್ತಿತ್ತು? ಕೆಲ್ಸದಿಂದ ಮಾತ್ರ ತೆಗೀಬ್ಯಾಡಿ."

ಪೂರ್ತಿ ಫೈಲನ್ನು ಈಗಲೇ ಜೆರಾಕ್ಸು ಮಾಡಿಸಿ ಕೊಡುತ್ತೇನೆ, ಒಂದು ಪೈಸೆಯೂ ಬೇಡ ಎಂದರು ಡಾಕ್ಟರು. ಅವಳು ಒಪ್ಪುತ್ತಾಳೆ ಎಂದೇ ನಾನು ಅಂದುಕೊಂಡೆ. ಅವಳು ಮತ್ತೆ ನೆಲದ ಮೇಲೆ ಕೂತು ಪೆನ್ನಿನ ಮುಚ್ಚಳ ತೆಗೆದಳು. ಇನ್ನು ಇಪ್ಪತ್ತು ಪುಟವಿದೆ, ಮುಗಿಸಿಬಿಡುತ್ತೇನೆ ಎಂದಳು. ಡಾಕ್ಟರು ಇನ್ನೊಮ್ಮೆ ಹೇಳಿದಾಗ ಒರಟಾಗಿ ಅಲ್ಲ, ಆದರೆ ಸ್ಪಷ್ಟವಾಗಿ ಹೇಳಿದಳು: "ಬ್ಯಾಸ್ರ ಮಾಡ್ಕಬ್ಯಾಡಿ ಅಮ್ಮ. ಇನ್ಮ್ಯಾಕೆ ನಾನು ನೋಡಿ ಬರ್ಕಂಡಿದ್ನೇ ನಂಬೋದು."

ಬೇರೆ ಮೇಲಧಿಕಾರಿಯಾಗಿದ್ದರೆ ಮುಖ ಕೆಂಪಾಗುತ್ತಿತ್ತು. ಡಾಕ್ಟರ್ ವಸುಂಧರ ಹೌದು ಎಂಬಂತೆ ತಲೆದೂಗಿ, ಹಾಗಾದರೆ ಅದಕ್ಕೇ ಸೀಲು ಹಾಕಿಕೊಡುತ್ತೇನೆ ಎಂದರು. ಅಂದು ಹಿಂದೂಪುರಕ್ಕೆ ಶೇಷಗಿರಿ ಒಬ್ಬರೇ ವಾಪಸು ಹೋದರು. ಶುಕ್ರವಾರ ಸಂಜೆ ಐದಕ್ಕೆ ಹನುಮಕ್ಕ ಎಪ್ಪತ್ತನಾಲ್ಕನೆಯ ಪುಟ ಮುಗಿಸಿದಳು. ಡಾಕ್ಟರು ನನ್ನ ಮೇಜಿನ ಮುಂದೆ ಕೂತು ಒಂದೊಂದು ಪುಟವನ್ನೂ ಮೂಲದ ಜೊತೆ ತಾಳೆ ನೋಡಿ ಸಹಿ ಹಾಕಿದರು, ನಾನು ಸೀಲು ಒತ್ತಿದೆ. ಎರಡು ಕಡೆ ಮಾತ್ರ ಅಕ್ಷರ ತಪ್ಪಿತ್ತು. ಒಂದು ಕಡೆ ತಪ್ಪು ಮೂಲದ್ದೇ, ನಮ್ಮ ಡಾಕ್ಟರು ಬರೆದದ್ದು; ಅವಳು ಅದನ್ನೂ ನಿಷ್ಠೆಯಿಂದ ಇಳಿಸಿದ್ದಳು. ಅದರ ಜೊತೆಗಿಡಲು ಡಾಕ್ಟರ್ ವಸುಂಧರ ಬೆಂಗಳೂರಿನ ಡಾಕ್ಟರಿಗೆ ಒಂದು ಕಾಗದ ಬರೆದು, ಮದ್ದಿನ ಹೆಸರು, ಎರಡನೆಯ ಸಲ ತಪ್ಪಾಗಿ ಕೊಟ್ಟದ್ದು, ಆದ ತೊಂದರೆ ಎಲ್ಲವನ್ನೂ ತಿಳಿಸಿದರು. ಆ ಕಾಗದವನ್ನು ಅವಳು ಬರೆದ ಹಾಳೆಗಳಿಗೆ ಸೇರಿಸಿ ಹೊಲಿಯಲು ದಪ್ಪ ಸೂಜಿ ದಾರ ನಾನು ಕೊಟ್ಟೆ. ಕೊನೆಯ ಜೀಪು ತಪ್ಪಿದ್ದರಿಂದ ಡಾಕ್ಟರ ಕಾರಿನಲ್ಲೇ ಅವಳನ್ನು ಊರಿಗೆ ಬಿಟ್ಟರು. ಮನೆಯಲ್ಲಿ ಪದ್ಮನನ್ನು ನೋಡಿ, ಅವಳ ಮುಂದೆಯೂ ತಪ್ಪೊಪ್ಪಿಕೊಂಡು ಬಂದರೆಂದು ಡ್ರೈವರು ಆಮೇಲೆ ನನಗೆ ಹೇಳಿದ.

ಬೆಂಗಳೂರಿನ ಡಾಕ್ಟರು ನೋಟ್‌ಬುಕ್ಕನ್ನು ನೋಡಿ, ಇದನ್ನು ಬರೆದವರು ಯಾರೆಂದು ಎರಡು ಸಲ ಕೇಳಿದರಂತೆ. ಬೇರೆ ಜಾತಿಯ ಮದ್ದು ಶುರುಮಾಡಿದರು. ವಾರಕ್ಕೆ ಮೂರು ಇದ್ದ ಫಿಟ್ಸ್ ತಿಂಗಳಿಗೆ ಒಂದಕ್ಕೆ ಇಳಿದು, ವರ್ಷದ ಹೊತ್ತಿಗೆ ನಿಂತಿತು. ಪದ್ಮ ಮತ್ತೆ ಶಾಲೆಗೆ ಹೋದಳು.

ಆ ನರ್ಸನ್ನು ಕೆಲಸದಿಂದ ತೆಗೆಯಲಿಲ್ಲ. ನಿಲ್ಲಿಸಿದ ಮದ್ದಿನ ಹೆಸರನ್ನು ಕೆಂಪು ಚೀಟಿಯಲ್ಲಿ ಬರೆದು ಫೈಲಿನ ಮುಖಕ್ಕೆ ಅಂಟಿಸುವ ಪದ್ಧತಿ ಎರಡೂ ಆಸ್ಪತ್ರೆಗಳಲ್ಲಿ ಶುರುವಾಯಿತು. ಅದನ್ನು ಹೊಸಬರಿಗೆ ಹೇಳಿಕೊಡುವ ಕೆಲಸವನ್ನು ಅದೇ ನರ್ಸಿಗೆ ಕೊಟ್ಟರು. ಮುಂದಿನ ವಾರವೇ ಡಾಕ್ಟರ್ ವಸುಂಧರ ನನ್ನನ್ನು ಕರೆದು ಬೋರ್ಡು ಇಳಿಸಲು ಹೇಳಿದರು. ಬಜಾರಿನ ಜೆರಾಕ್ಸಿಗೆ ಎಷ್ಟೋ ಅಷ್ಟೇ ದರ. ಹುಡುಕುವುದಕ್ಕೂ ಸೀಲಿಗೂ ಏನೂ ಇಲ್ಲ. ಬೇರೆ ಆಸ್ಪತ್ರೆಗೆ ಹೋಗುವವರಿಗೆ ಪೂರ್ತಿ ಉಚಿತ. ನೋಡಿ ಬರೆದುಕೊಳ್ಳುವವರಿಗೆ ಮೇಜು, ಕುರ್ಚಿ. ಬೇಲಿ ಎತ್ತರ ಇರಲಿ ಎಂದು ಶೇಷಗಿರಿ ಹೇಳಿದಾಗ ನಾನೇ ಸಹಿ ಹಾಕಿದೆನಲ್ಲ ಸ್ವಾಮಿ ಎಂದು ಡಾಕ್ಟರು ನನಗೆ ಒಂದು ಸಲ ಮಾತ್ರ ಹೇಳಿದರು. ಮತ್ತೆ ಆ ವಿಷಯ ಎತ್ತಲಿಲ್ಲ. ಶೇಷಗಿರಿ ಹೆದರಿದ್ದಂತೆ ಕೋರ್ಟು ಕೇಸು ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನಾನಿದ್ದಷ್ಟು ಕಾಲದಲ್ಲಿ ಎರಡು ಬಂದವು. ಒಂದರಲ್ಲಿ ಗೆದ್ದೆವು, ಒಂದರಲ್ಲಿ ಸೋತು ಪರಿಹಾರ ಕಟ್ಟಿದೆವು. ಆಸ್ಪತ್ರೆ ಮುಚ್ಚಲಿಲ್ಲ.

ನಾನು ಹೊಸ ದರ ಬರೆಯುವಾಗ ತೆಲುಗಿನ ಕೆಳಗೆ ಕನ್ನಡವನ್ನೂ ಸೇರಿಸಿದೆ. ಮೇಲಿನವರು ಹೇಳಿರಲಿಲ್ಲ, ಕೇಳಲೂ ಇಲ್ಲ.

ಆಮೇಲೆ ಕಂಪ್ಯೂಟರು ಬಂತು. ನಂಬರು ಒತ್ತಿದರೆ ಹಾಳೆ ಹೊರಗೆ ಬರುತ್ತದೆ, ಇಬ್ಬರು ಗಂಗಮ್ಮಂದಿರು ಅದಲುಬದಲಾಗುವುದಿಲ್ಲ. ನನಗೆ ಅದರ ಮೇಲೆ ಗೌರವವಿದೆ. ಒಂದೇ ಒಂದು ವಿಷಯದಲ್ಲಿ ಹುಡುಗರ ಜೊತೆ ನಾನು ಜಗಳವಾಡಿದ್ದೇನೆ. ಮೊದಲು ಹಾಕಿಸಿದ್ದ ಪ್ರೋಗ್ರಾಮಿನಲ್ಲಿ ತಪ್ಪು ತಿದ್ದಿದರೆ ಹಳೆಯದು ಅಳಿಸಿಹೋಗುತ್ತಿತ್ತು. ಪುಟ ಚೆನ್ನಾಗಿ ಕಾಣುತ್ತಿತ್ತು. ಹೊಡೆದುಹಾಕಿದ್ದು ಹೊಡೆದುಹಾಕಿದಂತೆಯೇ ಕಾಣಬೇಕು ಎಂದು ನಾನು ಹಠ ಹಿಡಿದೆ. ಡಾಕ್ಟರ್ ವಸುಂಧರ ನನ್ನ ಪರ ನಿಂತು ಅದನ್ನು ಬದಲು ಮಾಡಿಸಿದರು.

ಹನುಮಕ್ಕನ ವಿಷಯದಲ್ಲಿ ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. ಮೂರು ವರ್ಷ ದಾಟಿದ ಕಾಗದದ ಫೈಲುಗಳನ್ನು ತೆಗೆದು ನಾಶಮಾಡುವ ಕಾಲ ಬಂತು. ಬೇಕೆನ್ನುವವರು ಬಂದು ತಮ್ಮ ಮೂಲ ದಾಖಲೆಯನ್ನೇ ಉಚಿತವಾಗಿ ತೆಗೆದುಕೊಂಡು ಹೋಗಬಹುದು ಎಂದು ಡಾಕ್ಟರ ಅನುಮತಿ ಪಡೆದು ನೋಟೀಸು ಹ‌ಚ್ಚಿದೆ. ಕೆಲವರು ಬಂದರು, ಬಹಳ ಮಂದಿ ಬರಲಿಲ್ಲ. ಒಂದು ಮಧ್ಯಾಹ್ನ ಹನುಮಕ್ಕ ತನ್ನ ಊರಿನ ಮುದುಕಿಯೊಬ್ಬಳನ್ನು ಕರೆದುಕೊಂಡು ಬಂದಳು. ಮುದುಕಿಯ ಗಂಡನ ಎದೆಯ ದಾಖಲೆ ಬೇಕಾಗಿತ್ತು. ಏನು ಕೇಳಬೇಕು, ಎಲ್ಲಿ ಹೆಬ್ಬೆಟ್ಟು ಒತ್ತಬೇಕು ಎಲ್ಲವನ್ನೂ ಹನುಮಕ್ಕನೇ ಹೇಳಿಕೊಡುತ್ತಿದ್ದಳು. ಆ ಕೆಲಸ ಮುಗಿದ ಮೇಲೆ ನಾನು ಪದ್ಮನ ಫೈಲನ್ನು ಅವಳ ಮುಂದಿಟ್ಟು, ಇದು ನಾಶವಾಗುವ ಸಾಲಿನಲ್ಲಿದೆ, ನೀನು ತೆಗೆದುಕೊಂಡು ಹೋಗು ಎಂದೆ.

ಅವಳು ಫೈಲನ್ನು ಬಿಚ್ಚಲೂ ಇಲ್ಲ. "ನಂದು ನಂತಾವ ಐತಲ್ಲಣ್ಣ. ಇದ್ನ ತಗಂಡೋಗಿ ನಾನೇನು ಮಾಡ್ಲಿ?" ಎಂದು ಹೇಳಿ, ಮುದುಕಿಯ ಕೈ ಹಿಡಿದು ಜೀಪಿನ ಕಡೆ ಹೊರಟಳು.

ಮಾರನೆಯ ದಿನ ರಿಜಿಸ್ಟರಿನಲ್ಲಿ ನಂಬರು ಬರೆದು, ದಾರ ಬಿಚ್ಚಿ, ಆ ಎಪ್ಪತ್ತನಾಲ್ಕು ಹಾಳೆಗಳನ್ನು ನನ್ನ ಕೈಯಿಂದಲೇ ಹರಿದುಹಾಕಿದೆ. ಬೇರೆ ಯಾವ ಫೈಲು ಹರಿಯುವಾಗಲೂ ಮನಸ್ಸು ಅಷ್ಟು ನಿಶ್ಚಿಂತೆಯಾಗಿರಲಿಲ್ಲ.